ನಲವತ್ತೆರಡನೆಯ ಪುಟ

ನಮ್ಮ ಚಿಕ್ಕಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸದವಳು. ಮಡಚುವುದು, ಹೊಲಿಯುವುದು, ಅಂಟು ಹಚ್ಚುವುದು. ಜೊತೆಗೆ ಕತೆ ಬರೆಯುವ ಹುಚ್ಚು. ವಾರಪತ್ರಿಕೆಯಲ್ಲಿ ಎರಡು ಬಂದಿದ್ದವು, ಮಿಕ್ಕವು ಟ್ರಂಕಿನ ತಳ ಸೇರಿದ್ದವು. ಚಿಕ್ಕಪ್ಪ ಆ ಟ್ರಂಕಿಗೆ ಜಿರಳೆಗಳ ವಾಚನಾಲಯ ಎಂದು ಹೆಸರಿಟ್ಟಿದ್ದ. ಮನೆಮಂದಿಯೆಲ್ಲ ನಗುತ್ತಿದ್ದೆವು. ಅದೇ ಪ್ರೆಸ್ಸಿನಲ್ಲಿ ಅವಳ ಪಕ್ಕದ ಮೇಜಿನವಳಾದ ನಾನೂ ನಗುತ್ತಿದ್ದೆ, ನಾಚಿಕೆಗೇಡು.

ನಗದವರು ಒಬ್ಬರೇ, ಅವಳ ಗೆಳತಿ. ಶಾಲೆಯಲ್ಲಿ ಟೀಚರ್, ಹೆಸರು ಮಾಡಿದ ಲೇಖಕಿ. ಇಪ್ಪತ್ತೆರಡು ವರ್ಷದ ಹಿಂದೆ ಚಿಕ್ಕಮ್ಮನ ಕತೆ ಓದಿ ಬೆನ್ನು ತಟ್ಟಿದ್ದರು. ಅಷ್ಟರ ಬಲದ ಮೇಲೆಯೇ ಇವಳು ಬರೆಯುತ್ತ ಬಂದಿದ್ದಳು.

ಟೀಚರ್ ಬರೆದ ಆತ್ಮಕತೆ ಅಚ್ಚಿಗೆ ನಮ್ಮಲ್ಲಿಗೇ ಬಂತು. ನಮ್ಮಲ್ಲಿ ದೊಡ್ಡ ಹಾಳೆಯ ಒಂದು ಬದಿಗೆ ಎಂಟು ಪುಟ ಮೊದಲು ಅಚ್ಚಾಗುತ್ತವೆ. ಮಸಿ ಒಣಗಿದ ಮೇಲೆ, ಮರುದಿನ, ಹಿಂಬದಿ. ಹರಡಿದ ಹಾಳೆಯ ಮೇಲೆ ಬಗ್ಗಿ, ತಲೆಕೆಳಗಾದ ಪುಟಗಳನ್ನೂ ಬಿಡದೆ ಓದುತ್ತಿದ್ದ ಚಿಕ್ಕಮ್ಮ ನಲವತ್ತೊಂದನೆಯ ಪುಟದ ಕೊನೆಗೆ ಬಂದು ನಿಂತಳು. 'ನನ್ನ ಗೆಳತಿ ಬೈಂಡಿಂಗ್ ಕೆಲಸದವಳು. ನನಗಿಂತ ದೊಡ್ಡ ಲೇಖಕಿ ಅವಳು.' ಹಾಳೆಯ ಬೆನ್ನು ಇನ್ನೂ ಖಾಲಿ.

ಅಲ್ಲಿಂದಲೇ ಫೋನ್ ಮಾಡಿದಳು. "ಓದ್ದೆ ಕಣೇ. ನನ್ ಜನ್ಮ ಸಾರ್ಥಕ ಆಯ್ತು!"

ಆ ಕಡೆಯಿಂದ "ಪೂರ್ತಿ ಓದಿದ್ಯಾ?" ಎಂದರು ಟೀಚರ್.

ಇವಳು ಅದನ್ನು ವಿನಯ ಎಂದುಕೊಂಡಳು. ನೇರ ಮಾಲೀಕರ ಹತ್ತಿರ ಹೋಗಿ, "ಇದಾದ್ಮೇಲೆ ನನ್ ಪುಸ್ತಕ ಸಾರ್" ಎಂದು ಹೇಳಿಯೂ ಬಂದಳು. ಹಿಂಬದಿ ಅಚ್ಚಾಗದ ಹಾಳೆಯನ್ನು ನಂಬಬಾರದೆಂದು ನನಗೆ ಕಲಿಸಿದವಳೇ ಅವಳು!

ಮರುದಿನ ಹಾಳೆ ಮಡಚುವಾಗ ನಲವತ್ತೆರಡನೆಯ ಪುಟ ಸಿಕ್ಕಿತು. 'ಹೀಗೆಂದು ಅವಳಿಗೆ ಹೇಳಿದೆ. ಅದು ಸುಳ್ಳು. ಕತೆ ಸಪ್ಪೆಯಾಗಿತ್ತು. ಆದರೆ ಆ ಆಸೆಗಣ್ಣು ನೋಡಿ ನಿಜ ಹೇಳಲು ಬಾಯಿ ಬರಲಿಲ್ಲ. ಇಂದಿಗೂ ಬಂದಿಲ್ಲ.'

ಚಿಕ್ಕಮ್ಮ ಊಟದ ಡಬ್ಬಿ ತೆರೆಯಲಿಲ್ಲ. ನನಗೆ ಟೀಚರ್ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಮುಖಕ್ಕೆ ಹೇಳಲಾಗದ್ದನ್ನು ಐನೂರು ಪ್ರತಿ ಮಾಡಿಸಿ, ಅವಳ ಕೈಯಲ್ಲೇ ಹೊಲಿಸುವುದೇ?

ಸಂಜೆ ಟೀಚರ್ ಬಂದರು. ಮುಖ ಬಾಡಿತ್ತು. "ತಪ್ಪಾಯ್ತು ಕಣೇ. ಆ ಪುಟ ತೆಗೆಸಿಬಿಡ್ತೀನಿ" ಎಂದರು.

"ಮುಟ್ಬೇಡ. ಇಡೀ ಪುಸ್ತಕದಲ್ಲಿ ಚೆನ್ನಾಗಿರೋದೇ ಆ ಪುಟ."

ಟೀಚರ್ ಅಳತೊಡಗಿದರು. ಚಿಕ್ಕಮ್ಮ ಸೂಜಿಗೆ ದಾರ ಪೋಣಿಸಲು ನೋಡಿದಳು, ಆಗಲಿಲ್ಲ.

"ಅವತ್ತೇ ಹೇಳಿದ್ರೆ ತಿದ್ಕೋತಿದ್ದೆ ಕಣೇ" ಎಂದಳು. "ಆಗ ನಂಗಿನ್ನೂ ಮೂವತ್ತು."