ಹೇಳಿದ್ದು ಕೇಳದ ನಾಯಿ

ಏಕೀಕರಣದ ವರ್ಷ ಮತದಾರರ ಪಟ್ಟಿ ಮಾಡಾಕ ಹಮ್ಮಿಗಿ ಅನ್ನೋ ಹಳ್ಳಿಗೆ ಹೋಗಿದ್ದೆ. ಕಣ್ಣು ಕಾಣದ ಅಜ್ಜನೊಬ್ಬ ತನ್ನ ನಾಯಿಯ ಹಗ್ಗ ಹಿಡಕೊಂಡು ನನಗ ದಾರಿ ತೋರಿಸ್ತಿದ್ದ. ಹಾಳು ಹಿತ್ತಲದಾಗ ನಾಯಿ ಕುಂತೇಬಿಡ್ತು. ಅಜ್ಜ "ನಡಿ" ಅಂದರೂ ಏಳಲಿಲ್ಲ.

"ಮಾತು ಕೇಳೂದಿಲ್ಲಲ್ಲ ಅಜ್ಜಾ, ಚಲೋ ಬ್ಯಾಟಿನಾಯಿ ಸಾಕಬೇಕಿತ್ತು" ಅಂತ ನಾನ ಮುಂದ ಹೆಜ್ಜಿ ಎತ್ತಿದೆ. ಅಜ್ಜ ನನ್ನ ಅಂಗಿ ಹಿಡಿದು ಜಗ್ಗಿದ. ಅವನ ಕೋಲು ಹುಲ್ಲಿನೊಳಗ ಇಳೀತು, ತಳ ಸಿಗಲಿಲ್ಲ. ಹಿಂದಿನ ಕಾಲದಾಗ ಜೋಳ ತುಂಬ್ತಿದ್ದ ನೆಲದೊಳಗಿನ ಹಗೇವು, ಬಾಯಿ ತೆರದಿತ್ತು.

"ಬ್ಯಾಟಿನಾಯಿ ಮೊಲ ಕಂಡ್ರ ನನ್ನ ಬಿಟ್ಟು ಓಡತೈತ್ರಿ ಸಾಹೇಬ್ರ. ಇದು ಕುರಿ ಕಾಯೋರ ತಳಿ. ಹೇಳಿದ್ದು ಕೇಳತೈತಿ, ತಪ್ಪು ಹೇಳಿದ್ರ ಕೇಳೂದಿಲ್ಲ."

ನನ್ನ ಬುತ್ತಿಯ ರೊಟ್ಟಿ ಪೂರಾ ಆ ನಾಯಿಗೆ ಹಾಕಿದೆ. ಖರೆ ಹೇಳತೀನಿ, ಅಷ್ಟು ವರ್ಷದ ನೌಕರಿಯೊಳಗ ನಾ ಕಲ್ತಿದ್ದು ಬರೇ ಹೇಳಿದ್ದು ಕೇಳೂದು.