ಅವ್ವನ ತಲೆನೋವು ಶುರುವಾದ ಗಳಿಗೆ

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ ನಮ್ಮ ಮನೆ ರಾವೂರಿನಲ್ಲಿತ್ತು. ಅಪ್ಪ ಕಲ್ಲಿನ ಗಣಿಗೆ ಹೋಗುತ್ತಿದ್ದ. ಗಾಳಿ ಬೀಸಿದರೆ ಬಿಳಿ ಧೂಳು ನಾಲಿಗೆಯ ಮೇಲೂ ಕೂರುತ್ತಿತ್ತು.

ಬೇಸಿಗೆಯ ಒಂದು ಬೆಳಿಗ್ಗೆ ಅವ್ವ ನನಗೆ ಜಡೆ ಹೆಣೆಯುತ್ತಾ ನಗುತ್ತಿದ್ದಳು. ಮಾತಿನ ನಡುವೆಯೇ "ಅಯ್ಯವ್ವಾ, ತಲಿ ಸೀಳಿತು!" ಎಂದು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಬಿದ್ದಳು. ವಾಂತಿಯಾಯಿತು. ಕಣ್ಣಿಗೆ ಬೆಳಕು ಬೇಡವಾಯಿತು. ಬಿಸಿಲು ಬಡಿದಿದೆ ಎಂದು ನೆರೆಯವರು ಉಳ್ಳಾಗಡ್ಡಿ ಜಜ್ಜಿ ಅಂಗಾಲಿಗೆ ಉಜ್ಜಿದರು. ನೋವು ಇಳಿಯಲಿಲ್ಲ. ಅಪ್ಪ ಗಣಿಯ ಲಾರಿಯಲ್ಲಿ ಕೌದಿ ಹಾಸಿ ಅವಳನ್ನು ಶಹಾಬಾದಿನ ದವಾಖಾನೆಗೆ ಒಯ್ದ. ನಾನೂ ಹತ್ತಿದೆ.

"ಬಿಸಲಿಗೆ ಹಿಂಗ ಆಗ್ಯಾದ್ರೀ," ಎಂದು ಅಪ್ಪ ಹೇಳಿದ್ದನ್ನು ಕೇಳಿ ಡಾಕ್ಟರು ಗುಳಿಗೆ ಬರೆಯತೊಡಗಿದರು. ನನಗೆ ತಡೆಯಲಾಗಲಿಲ್ಲ.

"ಅವ್ವ ಬಿಸಲಾಗ ಹೋಗೇ ಇಲ್ರೀ. ನನ್ನ ಜಡಿ ಹಾಕ್ಲಿಕತ್ತಿದ್ಲು. ಒಮ್ಮಿಗೇ ತಲಿ ಸೀಳಿತು ಅಂದ್ಲು."

ಅಪ್ಪ ಗದರಿದ. ನಾನು ಮೇಜಿನ ಅಂಚು ಹಿಡಿದು ಅದನ್ನೇ ಇನ್ನೂ ಜೋರಾಗಿ ಹೇಳಿದೆ.

ಡಾಕ್ಟರ ಪೆನ್ನು ನಿಂತಿತು. "ಒಮ್ಮಿಗೇ? ಖರೇನವ್ವಾ?"

"ಖರೇ ರೀ. ಅದರ ಮೊದಲ ನಗ್ಲಿಕತ್ತಿದ್ಲು."

"ಬಿಸಲಿನ ತಲಿನೋವು ಮೆಲ್ಲಕ ಏರ್ತದ, ಹಿಂಗ ಒಮ್ಮಿಗೇ ಬರೂದಿಲ್ಲ," ಎಂದು ಅವರು ಎದ್ದು ಬಂದು ಅವ್ವನ ಗದ್ದವನ್ನು ಎದೆಗೆ ತಾಗಿಸಲು ನೋಡಿದರು. ಕತ್ತು ಹಲಗೆಯಂತೆ ಸೆಟೆದಿತ್ತು. ಆಮೇಲೆ ಬೆನ್ನುಮೂಳೆಯ ಸಂದಿಗೆ ಸೂಜಿ ಹಾಕಿ ಮೆದುಳು, ಬೆನ್ನುಹುರಿಯ ಸುತ್ತ ಇರುವ ನೀರನ್ನು ಮೂರು ಸಣ್ಣ ಬಾಟಲಿಗಳಿಗೆ ಹಿಡಿದರು. ತಿಳಿಯಾಗಿರಬೇಕಾದ ನೀರು ಮೂರರಲ್ಲೂ ಒಂದೇ ಸಮ ಕೆಂಪಾಗಿತ್ತು.

"ಸೂಜಿ ಚುಚ್ಚಿ ಬಂದ ರಕ್ತ ಆಗಿದ್ರ ಮೂರನೇದು ತಿಳಿ ಆಗ್ತಿತ್ತು," ಎಂದರು. "ಮೆದುಳಿನ ಹತ್ರ ರಕ್ತನಾಳ ಗುಳ್ಳಿ ಹಂಗ ಉಬ್ಬಿ ಒಡದದ. ಇನ್ನೊಮ್ಮಿ ಒಡದ್ರ ಉಳಸೋದು ಕಷ್ಟ. ಇವತ್ತೇ ಹೈದರಾಬಾದಿಗೆ ಒಯ್ರಿ."

ವಾಡಿಗೆ ಬಂದು ರೈಲು ಹತ್ತಿದೆವು. ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪ ಅಲುಗದೆ ಕೂತ. ನಾನು ಕಿಟಕಿಗೆ ಟವೆಲ್ಲು ಹಿಡಿದು ಬಿಸಿಲು ತಡೆದೆ. ಕೈ ಸೋತರೂ ಇಳಿಸಲಿಲ್ಲ. ಸೇಡಂ ದಾಟುವಾಗ ಅಪ್ಪ ಮೆಲ್ಲಗೆ, "ನೀ ಸುಮ್ಮನ ಕೂಡಲಿಲ್ಲ, ಭಾಳ ಛಲೋ ಆತು ಮಗಳೇ," ಎಂದ.

ಹೈದರಾಬಾದಿನಲ್ಲಿ ಕತ್ತಿನ ರಕ್ತನಾಳಕ್ಕೆ ಔಷಧಿ ಬಿಟ್ಟು ಎಕ್ಸ್‌ರೇ ಫೋಟೋ ತೆಗೆದು ಆ ಗುಳ್ಳೆಯನ್ನು ಹುಡುಕಿದರು. ತಲೆಬುರುಡೆ ತೆರೆದು ಅದರ ಬುಡಕ್ಕೆ ಪುಟ್ಟ ಲೋಹದ ಕ್ಲಿಪ್ಪು ಹಾಕಿದರು. ಅವ್ವ ಬೋಳುತಲೆಗೆ ಸೆರಗು ಹೊದ್ದು ಊರಿಗೆ ಮರಳಿದಳು. ಎಡಗೈ ಮೊದಲಿನಷ್ಟು ಗಟ್ಟಿಯಾಗಲಿಲ್ಲ, ಆದರೂ ಬದುಕಿದಳು. ನಿಮ್ಮಪ್ಪ ಹುಟ್ಟಿದಾಗ ಎಣ್ಣೆ ಹಚ್ಚಿ ನೀರೆರೆದವಳು ಅವಳೇ.

ಈಗ ನಿಮ್ಮ ಕಾಲದಲ್ಲಿ ಯಂತ್ರದೊಳಗೆ ಮಲಗಿಸಿದರೆ ನಿಮಿಷಗಳಲ್ಲಿ ಮೆದುಳಿನ ಚಿತ್ರ ಸಿಗುತ್ತದೆ. ಎಷ್ಟೋ ಸಲ ತಲೆ ತೆರೆಯದೆಯೇ, ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ಕಳಿಸಿ ಗುಳ್ಳೆಯನ್ನು ಮುಚ್ಚುತ್ತಾರಂತೆ. ಆದರೆ ನೋವು ಹೇಗೆ ಶುರುವಾಯಿತೆಂದು ಡಾಕ್ಟರು ಇಂದಿಗೂ ಹತ್ತಿರವಿದ್ದವರನ್ನೇ ಕೇಳುತ್ತಾರೆ. ಆಗ ಹತ್ತಿರವಿದ್ದವರು ನೀವಾದರೆ, ದೊಡ್ಡವರು ಗದರಿದರೂ ಕಂಡದ್ದನ್ನು ಹೇಳಿ.