ಕಟ್ಟು ಬಿಚ್ಚಿಸಲು ಕರಜಗಿಗೆ

ವಿಜಯಪುರದ ಬಸ್ ನಿಲ್ದಾಣದಲ್ಲಿ ಬೆಳಗಿನ ಏಳೂಕಾಲಿಗೆ ಚಡಚಣದ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಎರಡು ಸೀರೆ, ಒಂದು ಸ್ವೆಟರ್, ಅಕ್ಕನಿಗೆಂದು ಕಟ್ಟಿಸಿಕೊಂಡ ಅರ್ಧ ಕಿಲೋ ಖಾರಾ ಮತ್ತು ಒಂದು ಎಕ್ಸ್‌ರೇ ಫಿಲ್ಮ್ ಇದ್ದವು. ಫಿಲ್ಮ್ ನಾನೇ ತೆಗೆದದ್ದು. ಒಂದು ಖಾಸಗಿ ದವಾಖಾನೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಮಂದಿಯ ಎಲುಬಿನ ಚಿತ್ರ ತೆಗೆಯುವುದೇ ನನ್ನ ಕೆಲಸ. ಈ ಸಲ ನಾಲ್ಕು ದಿನ ರಜೆ ಹಾಕಿ ಜಗಳಕ್ಕೆ ಹೊರಟಿದ್ದೆ.

ಜಗಳದ ಮೂಲ ನನ್ನ ಅಕ್ಕ ಕಸ್ತೂರಿಯ ಬಲಗೈ. ಅಕ್ಕ ಗಡಿಯಾಚೆ, ಮಹಾರಾಷ್ಟ್ರದ ಉಮದಿಯಲ್ಲಿ ಖಾನಾವಳಿ ನಡೆಸುತ್ತಾಳೆ. ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಅಂಗೈ ಊರಿ ಬಿದ್ದಳು. ಅಂದೇ ವಿಜಯಪುರಕ್ಕೆ ಬಂದಳು. ನಾನು ಚಿತ್ರ ತೆಗೆದೆ, ನಮ್ಮ ಡಾಕ್ಟರು ನೋಡಿ ಎಲುಬು ಮುರಿದಂತೆ ಕಾಣುವುದಿಲ್ಲ ಎಂದರು. ಅಕ್ಕ ಹೊರಗೆ ಹೋದ ಮೇಲೆ ನನ್ನನ್ನು ಕರೆದು, ನೋವು ಉಳಿದರೆ ಹತ್ತು ದಿನ ಬಿಟ್ಟು ಇನ್ನೊಂದು ಚಿತ್ರ ತೆಗೆಯಿರಿ ಎಂದೂ ಹೇಳಿದ್ದರು. ಹತ್ತನೆಯ ದಿನ ಅಕ್ಕ ಫೋನು ಮಾಡಿ ಇನ್ನೂ ನೋಯುತ್ತಿದೆ ಎಂದಾಗ, ನಾನು ತೆಗೆದ ಫಿಲ್ಮ್ ಚೊಕ್ಕಾಗಿದೆ, ಎಣ್ಣೆ ಹಚ್ಚಿ ಶಾಖ ಕೊಡು ಎಂದುಬಿಟ್ಟೆ. ಡಾಕ್ಟರ ಮಾತನ್ನು ಹೇಳಲಿಲ್ಲ. ನನ್ನ ಕೆಲಸದ ಮೇಲೆ ನನಗೆ ಅಷ್ಟು ಹೆಮ್ಮೆ.

ಅಕ್ಕ ಮರುದಿನವೇ ಕರಜಗಿಯ ಬೀರಪ್ಪಜ್ಜನ ಹತ್ತಿರ ಹೋಗಿ ಕಟ್ಟು ಹಾಕಿಸಿಕೊಂಡಳು. ಕುರಿ ಕಾಯುವ ಮುದುಕ ನೆಟ್ಟಗಿರುವ ಎಲುಬಿಗೆ ಬಿದಿರು ಕಟ್ಟಿದ್ದಾನೆಂದು ಕೇಳಿ ನನಗೆ ಪಿತ್ತ ನೆತ್ತಿಗೇರಿತು. ಉಮದಿಯಲ್ಲಿ ಜನ ಅಕ್ಕನ ಖಾನಾವಳಿಗೆ ಬರುವುದು ಅವಳು ಬಡಿಯುವ ತೆಳ್ಳನೆಯ ರೊಟ್ಟಿಗಾಗಿ. ಆ ಕೈ ಹೋದರೆ ಖಾನಾವಳಿಯೂ ಹೋದಂತೆಯೇ.

ಚಡಚಣದವರೆಗೆ ಆಧಾರ್ ಕಾರ್ಡ್ ತೋರಿಸಿ ಬಿಟ್ಟಿ ಪ್ರಯಾಣ. ಅಲ್ಲಿಂದ ಗಡಿ ದಾಟಲು ಟಂಟಂ ಆಟೋ, ತಲೆಗೆ ನಲವತ್ತು ರೂಪಾಯಿ. ಜನವರಿಯ ಬಿಸಿಲು ಹಿತವಾಗಿತ್ತು. ಎರಡೂ ಬದಿಗೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಫಿಲ್ಮಿನ ದೊಡ್ಡ ಲಕೋಟೆ ಕಂಡದ್ದೇ ತಡ, ಒಳಗಿದ್ದ ಎಂಟೂ ಜನ ತಮ್ಮ ತಮ್ಮ ಮೊಣಕಾಲು, ಸೊಂಟ, ಸಕ್ಕರೆ ಕಾಯಿಲೆಗಳನ್ನು ಬಿಚ್ಚಿದರು. ಒಬ್ಬಾಕೆ ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟಬೇಕೆಂದರೆ, ಪಕ್ಕದಾಕೆ ಅದೆಲ್ಲ ಸುಳ್ಳು, ಇಂಜೆಕ್ಷನ್ನೇ ಸೈ ಎಂದಳು. ಟಂಟಂ ಓಡಿಸುತ್ತಿದ್ದ ಮೌಲಾಸಾಬ್ ಬೆಳಿಗ್ಗೆ ನೆನೆಸಿದ ಮೆಂತ್ಯವನ್ನೂ ತಿನ್ನುತ್ತಾನಂತೆ, ಡಾಕ್ಟರ ಗುಳಿಗೆಯನ್ನೂ ನುಂಗುತ್ತಾನಂತೆ.

"ಯಾವುದರಿಂದ ಕಡಿಮಿ ಆತು?" ಎಂದು ಕೇಳಿದೆ.

"ಅದು ಸಕ್ಕರಿಗೆ ಗೊತ್ತಿದ್ರ ಸಾಕಲ್ರಿ, ನನಗ್ಯಾಕ ಬೇಕು," ಎಂದ ಮೌಲಾಸಾಬ್.

ನಗುತ್ತಲೇ ಉಮದಿಯಲ್ಲಿ ಇಳಿದೆ. ಅಕ್ಕನನ್ನು ಕಂಡೊಡನೆ ನಗು ನಿಂತಿತು. ಒಲೆಯ ಮುಂದೆ ಪಕ್ಕದ ಮನೆಯಾಕೆ ರೊಟ್ಟಿ ಬಡಿಯುತ್ತಿದ್ದಳು. ಅಕ್ಕ ಕೈಯನ್ನು ಸೆರಗಿನಲ್ಲಿ ಜೋಲಿ ಹಾಕಿಕೊಂಡು ಬಾಗಿಲಲ್ಲಿ ಕುಳಿತಿದ್ದಳು. ಮಣಿಕಟ್ಟಿನ ಸುತ್ತ ತತ್ತಿಯ ಬಿಳಿ, ಉದ್ದಿನ ಹಿಟ್ಟು ಸವರಿ ಗಟ್ಟಿಯಾದ ಬಟ್ಟೆ, ಅದರ ಮೇಲೆ ಬಿದಿರಿನ ಪಟ್ಟಿಗಳು. ಪುಂಡಿಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು ಬಡಿಸಿದರು. ರೊಟ್ಟಿ ದಪ್ಪಗಿತ್ತು. ಮೂಲೆಯಲ್ಲಿ ಊಟ ಮಾಡುತ್ತಿದ್ದ ಇಬ್ಬರು ಅರ್ಧ ರೊಟ್ಟಿ ಬಿಟ್ಟು ಎದ್ದದ್ದನ್ನು ಅಕ್ಕ ನೋಡಿದಳು, ನಾನೂ ನೋಡಿದೆ.

ಊಟವಾದ ಮೇಲೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಎಲುಬು ತೋರಿಸಿದೆ.

"ನೋಡಕ್ಕಾ, ಎಲ್ಲಿ ಮುರದೈತಿ, ತೋರಸು."

"ನಿನ್ನ ಫೋಟೋದಾಗ ನೋವು ಕಾಣಸ್ತದೇನ ಸುಮಿ?" ಎಂದಳು ಅಕ್ಕ. "ನಾಳಿಗೆ ಅಜ್ಜ ಕಟ್ಟು ಬಿಚ್ಚಾಂವ ಅದಾನ. ನೀನೂ ಬಾ. ಕೈ ನೆಟ್ಟಗ ಆಗದಿದ್ರ ನಿನ್ನ ಕೂಡ ವಿಜಾಪುರಕ್ಕ ಬರತೀನಿ."

ಆ ಒಪ್ಪಂದಕ್ಕೆ ನಾನು ತಕ್ಷಣ ಒಪ್ಪಿದೆ. ಗೆಲ್ಲುವುದು ನಾನೇ ಎಂಬ ಉತ್ಸಾಹದಲ್ಲಿ ಚೆನ್ನಾಗಿ ನಿದ್ದೆಯೂ ಬಂತು.

ಎರಡನೆಯ ದಿನ ಬೆಳಿಗ್ಗೆ ಎಸ್.ಟಿ. ಬಸ್ಸಿನಲ್ಲಿ ಕರಜಗಿಗೆ ಹೋದೆವು. ಮಹಾರಾಷ್ಟ್ರದ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್. ಊರ ಹೊರಗೆ ಒಂದು ಕಿಲೋಮೀಟರು ನಡೆದರೆ ಕುರಿಹಟ್ಟಿ. ಕಂಬಳಿ ಹೊದ್ದ, ಎಪ್ಪತ್ತರ ಆಸುಪಾಸಿನ ಬೀರಪ್ಪಜ್ಜ ಒಂದು ಮರಿಯ ಕಾಲನ್ನು ಬೆರಳಲ್ಲಿ ಸವರುತ್ತ ಕುಳಿತಿದ್ದ.

"ಬರ್ರಿ, ಕುಂದ್ರಿ," ಎಂದ. "ಈ ಬಾಯಾರು ಯಾರು?"

"ನನ್ನ ತಂಗಿರಿ. ವಿಜಾಪುರದಾಗ ಎಲುಬಿನ ಫೋಟೋ ತಗೀತಾಳ," ಎಂದಳು ಅಕ್ಕ.

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, ತನ್ನ ಪಕ್ಕದ ಕಂಬಳಿಯನ್ನು ಜಾಡಿಸಿ ಜಾಗ ಮಾಡಿದ. ಜಗಳಕ್ಕೆಂದು ಕೂಡಿಸಿಟ್ಟುಕೊಂಡಿದ್ದ ಮಾತುಗಳು ಅಲ್ಲಿಯೇ ಸಡಿಲಾದವು. ಅವನು ಬಿಸಿನೀರು ಸುರಿದು ಪಟ್ಟಿ ನೆನೆಸಿ, ಒಂದೊಂದಾಗಿ ಬಿಚ್ಚಿದ. ಕೈ ಸಣ್ಣಗಾಗಿತ್ತು, ಬೆಳ್ಳಗೆ ಸುಕ್ಕುಗಟ್ಟಿತ್ತು.

ಆಮೇಲೆ ನಡೆದದ್ದು ಇಲ್ಲಿಯ ಪದ್ಧತಿ. ಬೀರಪ್ಪಜ್ಜ ದುಡ್ಡು ಮುಟ್ಟುವುದಿಲ್ಲ, ಕಾಯಿ ಕರ್ಪೂರವನ್ನೂ ಇಸಿದುಕೊಳ್ಳುವುದಿಲ್ಲ. ಕಟ್ಟು ಬಿಚ್ಚಿದ ದಿನ, ಆ ಕೈ ದಿನವೂ ಯಾವ ಕೆಲಸ ಮಾಡುತ್ತದೋ ಅದನ್ನು ಅವನ ಹಟ್ಟಿಯಲ್ಲಿ ಮಾಡಬೇಕು. ಬಡಿಗನಾದರೆ ಮೊಳೆ ಹೊಡೆಯಬೇಕು. ಹೆಣ್ಣುಮಕ್ಕಳು ರೊಟ್ಟಿ ಬಡಿಯಬೇಕು. ಕೈ ಕೂಡಿದೆ ಎನಿಸಿದರೆ ಅಜ್ಜ ಆ ರೊಟ್ಟಿ ತಿನ್ನುತ್ತಾನೆ. ಅದೇ ಅವನ ಫೀಜು.

ಅಜ್ಜನ ಸೊಸೆ ಹಿಟ್ಟು, ನಾದುವ ಕೊಣಮಿಗೆ ತಂದಿಟ್ಟಳು. ಅಕ್ಕ ಹಿಟ್ಟು ನಾದಿಕೊಂಡಳು. ಅಷ್ಟರಲ್ಲಿ ಅಜ್ಜ ಎದ್ದು, ನಮ್ಮ ಕಡೆ ಬೆನ್ನು ಮಾಡಿ ಕುಳಿತ.

"ನೋಡೂದಿಲ್ಲೇನ ಅಜ್ಜಾರ?" ಎಂದು ಕೇಳಿದೆ.

"ನೋಡಿದ್ರ ಮಂದಿ ನೋವು ಮುಚ್ಚಿಕೊಂತಾರ ಬಾಯಾರ. ಸಪ್ಪಳ ಮುಚ್ಚಿಕೊಳ್ಳಾಕ ಬರೂದಿಲ್ಲ."

ಅಕ್ಕ ಬಡಿಯತೊಡಗಿದಳು. ರೊಟ್ಟಿ ಅಗಲವಾಯಿತು, ದುಂಡಗಾಯಿತು, ಹರಿಯಲಿಲ್ಲ. ಅಕ್ಕನ ಮುಖದಲ್ಲಿ ತಿಂಗಳಿಂದ ಇರದಿದ್ದ ಕಳೆ ಬಂತು. ನನ್ನ ಕಣ್ಣಿಗೆ ಎಲ್ಲವೂ ಸರಿಯಾಗಿತ್ತು. ಹಂಚಿನ ಮೇಲೆ ಬೆಂದ ಬಿಸಿ ರೊಟ್ಟಿಯನ್ನು ಅವಳೇ ಅಜ್ಜನ ಮುಂದೆ ಹಿಡಿದಳು.

ಅಜ್ಜ ಮುಟ್ಟಲಿಲ್ಲ. "ರೊಟ್ಟಿ ತಿರುವುವಾಗ ಬಡಿತ ತಪ್ಪತೈತಿ ತಂಗಿ," ಎಂದ. "ಇನ್ನೂ ಕೂಡಿಲ್ಲ."

ಅಕ್ಕ ರೊಟ್ಟಿ ಹಿಡಿದುಕೊಂಡೇ ನಿಂತಳು. ಕಣ್ಣಲ್ಲಿ ನೀರು ತುಂಬಿತು. ಅಜ್ಜ ನನ್ನ ತೋರುಬೆರಳು ಹಿಡಿದು ಅಕ್ಕನ ಹೆಬ್ಬೆರಳ ಬುಡದಲ್ಲಿ, ಎರಡು ನರಗಳ ನಡುವೆ ಬೀಳುವ ಸಣ್ಣ ಗುಳಿಯಲ್ಲಿ ಇಟ್ಟು ಮೆಲ್ಲಗೆ ಒತ್ತಿದ. ಅಕ್ಕ ಹಾಯ್ ಎಂದು ಕೈ ಎಳೆದುಕೊಂಡಳು. ಸಾವಿರಾರು ಕೈಗಳನ್ನು ಯಂತ್ರದ ಕೆಳಗೆ ನೆಟ್ಟಗಿಟ್ಟು ಚಿತ್ರ ತೆಗೆದವಳು ನಾನು, ಎಲ್ಲಿ ನೋಯುತ್ತದೆ ಎಂದು ಒಂದು ಸಲವೂ ಒತ್ತಿ ನೋಡಿದವಳಲ್ಲ. ಆ ಗುಳಿಯ ಕೆಳಗೆ ಗೋಡಂಬಿಯ ಆಕಾರದ ಪುಟ್ಟ ಎಲುಬೊಂದು ಇರುತ್ತದೆ. ಅದು ಬಿರುಕು ಬಿಟ್ಟರೆ ಮೊದಲ ಚಿತ್ರದಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಇದು ನಾನು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದ ಪಾಠ.

"ನನ್ನ ಕೈಲೆ ಆಗೂದು ಮುಗೀತು," ಎಂದ ಅಜ್ಜ. "ಜತ್ತಕ್ಕ ಹೋಗಿ ಮತ್ತೊಂದು ಫೋಟೋ ತಗಸ್ರಿ. ತಡಾ ಮಾಡಬ್ಯಾಡ್ರಿ."

ತಾಲ್ಲೂಕಿನ ಊರು ಜತ್ತ ತಲುಪಿದಾಗ ಮಧ್ಯಾಹ್ನ ಮೂರು ದಾಟಿತ್ತು, ಸರ್ಕಾರಿ ದವಾಖಾನೆಯ ಚೀಟಿ ಬರೆಯುವ ಕಿಟಕಿ ಮುಚ್ಚಿತ್ತು. ನಿಲ್ದಾಣದ ಹತ್ತಿರ ಲಾಡ್ಜಿನಲ್ಲಿ ಉಳಿದೆವು. ಮೂರನೆಯ ದಿನ ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ನಿಂತೆವು. ಎಕ್ಸ್‌ರೇ ಕೋಣೆಯ ಹುಡುಗಿ ಮರಾಠಿ ಮಾತಾಡುವವಳು. ನಾನೂ ಇದೇ ಕೆಲಸದವಳು ಎಂದಾಗ ಕುರ್ಚಿ ಕೊಟ್ಟಳು. ಮಣಿಕಟ್ಟನ್ನು ಕಿರುಬೆರಳಿನ ಕಡೆ ಬಾಗಿಸಿ ಒಂದು ಚಿತ್ರ ತೆಗೆಯೋಣ ಎಂದೆ. ಇಬ್ಬರೂ ಸೇರಿ ಅಕ್ಕನ ಕೈ ಹೊಂದಿಸಿದೆವು. ತೆರೆಯ ಮೇಲೆ ಚಿತ್ರ ಮೂಡಿತು. ಆ ಗೋಡಂಬಿ ಎಲುಬಿನ ನಟ್ಟನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ.

"ಅಜ್ಜ ಹೇಳಿದ್ದು ಖರೇ ಐತಿ," ಎಂದು ಕೂಗಿಯೇಬಿಟ್ಟೆ. ಸೋತದ್ದು ನಾನು, ಆದರೂ ಕುಣಿಯುವಷ್ಟು ಸಂತೋಷ. ಹೊರಗಿನ ಸಾಲಿನವರೆಲ್ಲ ಇಣುಕಿ ನೋಡಿದರು.

ಡಾಕ್ಟರು ಫಿಲ್ಮ್ ನೋಡಿ, "ಹಾಡ್ ಅಜೂನ್ ಜುಳಲಂ ನಾಹೀ," ಎಂದರು. ಎಲುಬು ಇನ್ನೂ ಕೂಡಿಲ್ಲ. ಆದರೆ ಜಾಗ ಬಿಟ್ಟು ಸರಿದಿಲ್ಲ, ಹೆಬ್ಬೆರಳು ಸೇರಿಸಿ ಆರು ವಾರ ಪ್ಲಾಸ್ಟರ್ ಹಾಕಿದರೆ ಕೂಡುವ ಸಾಧ್ಯತೆ ಹೆಚ್ಚು, ಕೂಡದಿದ್ದರೆ ಆಪರೇಷನ್ ಎಂದು ಮರಾಠಿಯಲ್ಲೇ ಬಿಡಿಸಿ ಹೇಳಿದರು. ಆಮೇಲೆ, ಹತ್ತು ದಿನಕ್ಕೆ ಎರಡನೆಯ ಚಿತ್ರ ಏಕೆ ತೆಗೆಸಲಿಲ್ಲ, ಯಾರೂ ಹೇಳಲಿಲ್ಲವೇ ಎಂದು ಕೇಳಿದರು.

ಅಕ್ಕ ನನ್ನತ್ತ ನೋಡಿದಳು. ನಾನು ತಲೆ ತಗ್ಗಿಸಿದೆ. ಪ್ಲಾಸ್ಟರ್ ಹಾಕಿಸಿಕೊಂಡು ಹೊರಬಿದ್ದೆವು. ನಿಲ್ದಾಣದಲ್ಲಿ ಚಹಾ ಕುಡಿಯುವಾಗ ನಾನೇ ಎಲ್ಲವನ್ನೂ ಹೇಳಿದೆ.

"ಅಜ್ಜ ಬೆನ್ನ ಮಾಡಿ ಕುಂತರೂ ಕೇಳಿದ," ಎಂದಳು ಅಕ್ಕ. "ನೀ ಫೋನ್ ಹಿಡದೂ ಕೇಳಲಿಲ್ಲ." ಅಷ್ಟು ಹೇಳಿ ತನ್ನ ಬಿಸ್ಕೀಟಿನಲ್ಲಿ ಅರ್ಧ ಮುರಿದು ನನಗೆ ಕೊಟ್ಟಳು. ಆರು ವಾರ ಪ್ರತಿ ಶನಿವಾರ ರಾತ್ರಿ ಉಮದಿಗೆ ಬಂದು ಭಾನುವಾರದ ರೊಟ್ಟಿ ನಾನು ಬಡಿಯುತ್ತೇನೆ ಎಂದಾಗ, ಇರುವ ಗಿರಾಕಿಗಳೂ ಓಡಿಹೋದಾರು ಎಂದು ನಕ್ಕಳು.

ಬರುವಾಗ ಕರಜಗಿಯಲ್ಲಿ ಇಳಿದೆವು. ಇಳಿಹೊತ್ತಿನ ಬಿಸಿಲಿತ್ತು. ಹಟ್ಟಿಯಲ್ಲಿ ಸೀತನಿ ಸುಡುತ್ತಿದ್ದರು, ಎಳೆಜೋಳದ ಬಿಸಿ ಕಾಳನ್ನು ಬೊಗಸೆಗೆ ಸುರಿದರು. ಫಿಲ್ಮನ್ನು ಸೂರ್ಯನ ಕಡೆ ಹಿಡಿದು ಅಜ್ಜನಿಗೆ ಆ ಗೆರೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ.

"ಐವತ್ತು ವರ್ಷ ಬೆರಳಿಲೆ ನೋಡೀನಿ. ಕಣ್ಣಿಲೆ ನೋಡಿದ್ದು ಇವತ್ತ," ಎಂದ. ಆಮೇಲೆ ಅಕ್ಕನ ಪ್ಲಾಸ್ಟರನ್ನು ಮುಟ್ಟಿ ನೋಡಿ ಕೇಳಿದ, "ಹೆಬ್ಬಟ್ಟ ಯಾಕ ಒಳಗ ಹಾಕ್ಯಾರ್ರಿ?"

ಹೆಬ್ಬೆರಳು ಆಡಿದರೆ ಆ ಎಲುಬೂ ಅಲುಗುತ್ತದೆ, ನಿಮ್ಮ ಕಟ್ಟಿನಲ್ಲಿ ಹೆಬ್ಬೆರಳು ಹೊರಗಿತ್ತು, ಅದಕ್ಕೇ ಕೂಡಲಿಲ್ಲ ಎಂದು ಹೇಳಿದೆ. ಹೇಳುವಾಗ ಅಳುಕಿತ್ತು, ಹಿರಿಯನ ತಪ್ಪು ಎತ್ತಿ ಆಡಿದಂತೆ. ಅಜ್ಜ ಸಿಟ್ಟಾಗಲಿಲ್ಲ. ತನ್ನ ಹೆಬ್ಬೆರಳನ್ನು ಮಡಿಸಿ ಬಿಚ್ಚಿ ನೋಡಿಕೊಂಡ.

"ನಮ್ಮಪ್ಪ ಕುರಿ ಕಾಲ ಮ್ಯಾಲ ಕಲಿಸ್ಯಾನ್ರಿ ಬಾಯಾರ," ಎಂದ. "ಕುರಿಗೆ ಹೆಬ್ಬಟ್ಟ ಇರೂದಿಲ್ಲಲ್ಲ."

ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಪ್ಲಾಸ್ಟರ್ ತೆಗೆದ ದಿನ ಬಂದು ರೊಟ್ಟಿ ಬಡಿಯಬೇಕೆಂದು ಅಜ್ಜ ಅಕ್ಕನಿಂದ ಮಾತು ತೆಗೆದುಕೊಂಡ. ಹೊಲದ ಬದುವಿನ ಮೇಲಿಂದ ತಿರುಗಿ ನೋಡಿದೆ. ಅಜ್ಜ ತನ್ನ ಹೆಬ್ಬೆರಳಿಗೆ ಬಿದಿರಿನ ಪಟ್ಟಿ ಸುತ್ತಿಕೊಂಡು, ಆ ಕೈಯಿಂದ ಮರಿಯನ್ನು ಎತ್ತಲು ನೋಡುತ್ತಿದ್ದ. ಅದು ಜಾರಿತು. ಅವನು ಪಟ್ಟಿ ಬಿಚ್ಚಿ, ಸ್ವಲ್ಪ ಮೇಲಕ್ಕೆ ಸರಿಸಿ ಮತ್ತೆ ಕಟ್ಟಿಕೊಂಡ.